ಶೇಷ ಒಂದು

ಜಗನ್ನಾಥ ಮೇಷ್ಟರಿಗೆ ಯಾರದೇ ಪರಿಚಯವಾಗಲಿ, ಮೊದಲು ಅವರ ಮೊಬೈಲ್ ನಂಬರು ಬೇಕು. ಹತ್ತು ಅಂಕಿಯನ್ನು ಒಂದೇ ದೊಡ್ಡ ಸಂಖ್ಯೆಯಾಗಿ ಓದಿ, "ನಿಮ್ಮದು ಮೂರರಿಂದ ಭಾಗ ಆಗುತ್ತೆ" ಎಂದು ಹೇಳಿದ ಮೇಲೆಯೇ ಕೈ ಕುಲುಕುವುದು. ಪಾಪ, ಎದುರಿನವರು ಡಾಕ್ಟರು ಏನೋ ಕಾಯಿಲೆಯ ಹೆಸರು ಹೇಳಿದಂತೆ ಗಾಬರಿಯಾಗುತ್ತಿದ್ದರು. ಮೇಷ್ಟರ ಸ್ವಂತ ನಂಬರು ಮಾತ್ರ ಅವಿಭಾಜ್ಯ; ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು. ಅನ್ನಪೂರ್ಣೇಶ್ವರಿ ನಗರದಲ್ಲಿ ಕಟ್ಟಿಸಿದ ಹೊಸ ಮನೆಗೂ ‘ಅವಿಭಾಜ್ಯ’ ಎಂದೇ ಕಲ್ಲು ಕೆತ್ತಿಸಿದ್ದರು.

ಆ ನಂಬರು ಅವಿಭಾಜ್ಯವಲ್ಲ ಎನ್ನುವುದು ಅವರ ಹೆಂಡತಿ ಪ್ರಭಮ್ಮನಿಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಮೇಷ್ಟರ ಕಣ್ಣಿನ ಆಪರೇಷನ್ ಕೆಟ್ಟು, ವರ್ಷಪೂರ್ತಿ ಓದುಬರಹ ನಿಂತಿತ್ತು. ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟಕ್ಕೆ ಎಬ್ಬಿಸುವುದೇ ಒಂದು ಸಾಹಸ. ಕೊನೆಗೆ ಪ್ರಭಮ್ಮನೇ, ನಿಮ್ಮ ನಂಬರು ಅವಿಭಾಜ್ಯವೋ ಅಲ್ಲವೋ ನೋಡೋಣ ಎಂದರು. ಅಚ್ಚಾದ ಪಟ್ಟಿ ಹಿಡಿದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಅದನ್ನು ಭಾಗಿಸಿ ಶೇಷ ಹೇಳುವುದು ಪ್ರಭಮ್ಮ, ಮಲಗಿದಲ್ಲಿಂದಲೇ "ಮುಂದೆ" ಎನ್ನುವುದು ಮೇಷ್ಟರು. ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ, ಅವರ ಮಟ್ಟಿಗೆ ಅದು ಕಾಪಿ ಹೊಡೆದ ಹಾಗೆ. ಒಂಬತ್ತು ಸಾವಿರ ಭಾಗಾಕಾರ ದಾಟಿ, ಇನ್ನೇನು ಮುಗಿಯಿತು ಎನ್ನುವಾಗ ಶೇಷ ಸೊನ್ನೆ ಬಂತು. ಪ್ರಭಮ್ಮ ಮತ್ತೆ ಭಾಗಿಸಿದರು. ಸೊನ್ನೆಯೇ. ಮೇಷ್ಟರು ಎದ್ದು ಕೂತು ಕಾಯುತ್ತಿದ್ದರು.

"ಶೇಷ ಒಂದು," ಎಂದುಬಿಟ್ಟರು ಪ್ರಭಮ್ಮ.

ಆ ವಾರ ಮೇಷ್ಟರು ತಾವೇ ಅಂಗಡಿಗೆ ನಡೆದುಹೋಗಿ, ಬೀದಿಗೆಲ್ಲ ಪೇಡ ಹಂಚಿದರು.

ಬಾಯಲ್ಲಿ ಆಡಿದ ಸುಳ್ಳನ್ನು ಪ್ರಭಮ್ಮ ಹೇಗೋ ಸಹಿಸಿಕೊಂಡಿದ್ದರು. ಈಗ ಅದು ಕಲ್ಲಾಗಿ ಬಾಗಿಲಲ್ಲಿ ನಿಲ್ಲುವುದರಲ್ಲಿತ್ತು. ಗಾರೆ ಕೆಲಸದ ಲಿಂಗಪ್ಪ ಕಲ್ಲನ್ನು ಎತ್ತಿ ಹಿಡಿದಿದ್ದ.

"ರೀ, ಸ್ವಲ್ಪ ತಡೀರಿ. ನಿಮ್ಮ ನಂಬರು ಭಾಗ ಆಗುತ್ತೆ."

"ಯಾವುದರಿಂದ?"

"94349. ಅದು ಮಾತ್ರ ಅವಿಭಾಜ್ಯವೇ. ಹಿಂದಿನಿಂದ ಓದಿದ್ರೂ ಅದೇ ಬರುತ್ತೆ, ಅದಕ್ಕೇ ಮರೆಯಕ್ಕಾಗ್ಲಿಲ್ಲ. ನೀವು ಮತ್ತೆ ಗೋಡೆ ಕಡೆ ತಿರುಗಿ ಮಲಗಿಬಿಡ್ತೀರಿ ಅಂತ ಹೆದರಿ ಸುಳ್ಳು ಹೇಳ್ದೆ."

ಮೇಷ್ಟರು ಜೇಬಿನಿಂದ ಪೆನ್ಸಿಲ್ ತೆಗೆದು, ಹೊಸದಾಗಿ ಬಣ್ಣ ಬಳಿದ ಗೋಡೆಯ ಮೇಲೆಯೇ ಭಾಗಿಸಿದರು. ಪೇಂಟ್ ಮಾಡಿದವರು ಇದ್ದಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಸೊನ್ನೆ ಬಂತು. ಅವರು ಪೆನ್ಸಿಲ್ ಜೇಬಿಗೆ ಹಾಕಿಕೊಂಡು ಹೆಂಡತಿಯ ಕಡೆ ತಿರುಗಿದರು.

"ಅವತ್ತು ಶೇಷ ಒಂದು ಅಂತ ಬೇರೆ ಯಾರು ಹೇಳಿದ್ರೂ ಇನ್ನೊಂದ್ಸಲ ಮಾಡಿಸಿ ನೋಡ್ತಿದ್ದೆ ಕಣೇ," ಎಂದರು.

ಬೈಸಿಕೊಳ್ಳಲು ಸಿದ್ಧರಾಗಿದ್ದ ಪ್ರಭಮ್ಮನಿಗೆ ಈ ಮಾತು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

"ಸಾರ್, ಕಲಸಿರೋ ಸಿಮೆಂಟು ಗಟ್ಟಿ ಆಗ್ತಾ ಇದೆ," ಎಂದ ಲಿಂಗಪ್ಪ.

"ಕಲ್ಲು ವಾಪಸ್ ತಗೊಂಡೋಗಪ್ಪ. ಹಿಂದುಗಡೆ 94349 ಅಂತ ಕೆತ್ಸ್ಕೊಂಡು ಬಾ."

"ಡೋರ್ ನಂಬರಾ ಸಾರ್?"

"ಅಲ್ಲ," ಎಂದರು ಮೇಷ್ಟರು, "ಮನೆ ಹೆಸರು."