ವಾರಕ್ಕೊಂದು

ಔಷಧಿ ಅಂಗಡಿಯವಳು ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. ಒಳಗೆ ಎರಡೋ ಮೂರೋ ಕ್ಯಾಪ್ಸೂಲು ಸದ್ದು ಮಾಡಿದವು.

"ಇದು ವಾರಕ್ಕೊಂದು ತಗೊಳ್ಳೋ ಕ್ಯಾಪ್ಸೂಲು ಅಲ್ವಾ ಅಮ್ಮ? ಆಗಲೇ ತಳ ಕಂಡಿದೆಯಲ್ಲ?"

ಗುಂಡಿ ಅಕ್ಕ ಸ್ಟೂಲಿನ ಮೇಲೆ ಕುಳಿತು ಓಕರಿಕೆ ತಡೆದುಕೊಳ್ಳುತ್ತಿದ್ದಳು. ಅಂಗಿಗಳಿಗೆ ಗುಂಡಿ ಹಾಕುತ್ತ ಆಯುಷ್ಯ ಕಳೆದವಳು. ಸೂಜಿಯ ಕಣ್ಣು ಕಾಣುವವಳಿಗೆ ಡಬ್ಬಿಯ ಮೇಲಿನ ಅಕ್ಷರ ಕಾಣದೇ ಇರುತ್ತದೆಯೇ? ಕಂಡಿತ್ತು. ಆದರೂ ದಿನಾ ನುಂಗಿದ್ದಳು.

"ತಂಗಿ ದಿನಾ ಕೇಳ್ತಾಳೆ, ತಗೊಂಡ್ಯಾ ಅಂತ. ಇಲ್ಲ ಅಂದ್ರೆ ಬೇಜಾರು ಮಾಡ್ಕೋತಾಳೆ. ಸುಳ್ಳು ಹೇಳೋಕೆ ನನಗೆ ಬರಲ್ಲ."

ಅಂಗಡಿಯವಳು ನಗಲಿಲ್ಲ. ಅಂಗಡಿಗೆ ಬಾಗಿಲೆಳೆದು, ತಾನೇ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು.

ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಕೈಮೂಳೆ ಮುರಿದಾಗ ಡಾಕ್ಟರು ಕೊಟ್ಟ ಮಾತ್ರೆಯಲ್ಲೇ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಇದ್ದವು. ಅದರ ಮೇಲೆ ತಂಗಿ ಕಳಿಸಿದ ವಿಟಮಿನ್ ಡಿ ಕ್ಯಾಪ್ಸೂಲು, ಅದೂ ದಿನಾ. ತಂಗಿ ಕಳಿಸಿದ್ದನ್ನು ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ಅತಿಯಾದರೆ ಅಮೃತವೂ ವಿಷ, ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತಿತ್ತು ಎಂದು ಡಾಕ್ಟರು ಗದರಿದರು. ಸದ್ಯಕ್ಕೆ ಎರಡೂ ಬಂದ್. ಮತ್ತೆ ರಕ್ತ ನೋಡಿದ ಮೇಲೆ, ಬೇಕಾದರೆ ತಾನು ಬರೆದುಕೊಟ್ಟದ್ದು ಮಾತ್ರ.

ಮನೆಗೆ ಬಂದ ಗುಂಡಿ ಅಕ್ಕನಿಗೆ ಮೂತ್ರಪಿಂಡದ ಚಿಂತೆಗಿಂತ ಸಂಜೆಯ ಚಿಂತೆ ದೊಡ್ಡದಾಯಿತು. ಕೈ ಮುರಿಯುವ ಮೊದಲು ತಂಗಿಯ ಫೋನು ಬರುತ್ತಿದ್ದುದು ಅಪರೂಪಕ್ಕೆ. ಕ್ಯಾಪ್ಸೂಲು ಕಳಿಸಿದ ಮೇಲೆ ದಿನವೂ ಸಂಜೆ ಬರತೊಡಗಿತ್ತು. ಒಂದೇ ಪ್ರಶ್ನೆ, ಒಂದೇ ಉತ್ತರ. ಆದರೆ ಆ ಮನೆಯಲ್ಲಿ ಇಡೀ ದಿನಕ್ಕೆ ಆಡಿದ ಮಾತು ಅದೊಂದೇ. ಇವತ್ತು ತಗೊಂಡೆ ಅಂದುಬಿಟ್ಟರೆ ಯಾರಿಗೆ ತಿಳಿದೀತು?

ಫೋನು ಬಂತು.

"ಅಕ್ಕಾ, ಮಾತ್ರೆ ತಗೊಂಡ್ಯಾ?"

"ಇಲ್ಲ ಕಣೇ. ನಿಲ್ಲಿಸಿದಾರೆ."

ತಂಗಿ ಗಾಬರಿಯಾದಳು. ವಾರಕ್ಕೊಂದು ಎಂಬುದನ್ನು ಅವಳು ಡಬ್ಬಿಯ ಮೇಲೆ ಓದಿಯೇ ಇರಲಿಲ್ಲ. ಕೆದಕಿ ಕೆದಕಿ ಎಲ್ಲ ಕೇಳಿದಳು, ಬೈದಳು, ಅತ್ತಳು ಕೂಡ. ಇಷ್ಟು ಹೊತ್ತು ಅವರು ಮಾತಾಡಿ ವರ್ಷಗಳೇ ಆಗಿದ್ದವು. ಗುಂಡಿ ಅಕ್ಕನಿಗೆ ಹಿತವಾಗಿತ್ತು.

"ಸದ್ಯ, ಬಚಾವಾದೆ. ಇನ್ನು ದಿನಾ ನೆನಪು ಮಾಡೋದೊಂದು ತಪ್ಪಿತು ಬಿಡು," ಎಂದು ತಂಗಿ ನಿಟ್ಟುಸಿರಿಟ್ಟು ಫೋನು ಇಟ್ಟಳು.

ಮರುದಿನ ಸಂಜೆ ಅದೇ ಹೊತ್ತಿಗೆ ಗುಂಡಿ ಅಕ್ಕ ಲೋಟದ ತುಂಬ ನೀರು ತಂದು ಫೋನಿನ ಪಕ್ಕದಲ್ಲಿಟ್ಟು ಕುಳಿತಳು.