ಹೆಸರಿನ ಜಾಗ

—ಯಾರಂತ ಕೇಳ್ತೀರಿ? ಎಂದು ಮೊಬೈಲಿನಲ್ಲಿ ಹಿಡಿದಿಟ್ಟ ತನ್ನದೇ ದನಿ ಪಡಸಾಲೆಯಿಂದ ತೇಲಿಬಂತು, ಆಮೇಲೆ ಒಂದು ಉಸಿರಿನಷ್ಟು ಖಾಲಿ, ಆ ಖಾಲಿಯಲ್ಲಿ ಯಾವಳೋ ಧೂಳಪ್ಪ ಅಂದಳು, ಹೋ ಎಂದು ನಗೆ, ಚಪ್ಪಾಳೆ, ಶಕುಂತಲಾಬಾಯಿಯ ಲಟ್ಟಣಿಗೆ ಹೋಳಿಗೆಯ ಮೇಲೆ ನಿಂತುಬಿಟ್ಟಿತು — ಧೂಳಪ್ಪನಂತೆ, ಯಾವ ಊರಿನ ಧೂಳಪ್ಪನೋ ಏನೋ, ಅವನಿಗಾಗಿ ಕಟ್ಟಿದ್ದೇ, ಗಂಡನ ಹೆಸರು ಹೇಳುವ ಆ ಒಡಪು? ತವರು ಇದು, ವಲಾಂಡಿಯಲ್ಲಿ ತಮ್ಮನ ಮನೆ, ತಮ್ಮನ ಬಸುರಿ ಮಗಳು ದಾನೇಶ್ವರಿಯ ಕುಬಸ, ಬೆಳಿಗ್ಗೆ ಸೊಸೆ ಸಪನಾಳ ಜೊತೆ ನಿಲಂಗಾದಿಂದ ಬಂದಿಳಿದಾಗ ತಮ್ಮನ ಹೆಂಡತಿ ಕೈಹಿಡಿದು, ಅಕ್ಕಾ, ನಿಮ್ಮ ಕೈಯಿನಂಥ ಹೋಳಿಗಿ ಯಾರಿಗೂ ಬರಲ್ಲ, ಒಲಿ ಮುಂದ ನೀವೇ ಕೂಡ್ರಿ ಅಂದಳು, ಎಷ್ಟು ನಯವಾಗಿ ಅಂದಳು, ಗಂಡನಿಲ್ಲದವಳು ಉಡಿ ತುಂಬುವ ಕಡೆ ಬರಬೇಡ ಅನ್ನುವುದನ್ನು ಬೆಲ್ಲ ಹಚ್ಚಿ ಹೇಳುವುದು ಹೀಗೆ, ಗೋಡೆಯ ಕ್ಯಾಲೆಂಡರಿನಲ್ಲಿ ಶರಣರ ಮಾತು, ಎಲ್ಲರೂ ಒಂದೇ ಅಂತ, ಅದರ ಕೆಳಗೇ ಮುತ್ತೈದೆಯರ ಜಮಖಾನೆ. ಇವಳಿಗೆ ಒಲೆ. ದನಿ ಮಾತ್ರ ಜಮಖಾನೆಯ ಮೇಲೆ, ಡಬ್ಬಿಯಂಥ ಸ್ಪೀಕರಿನೊಳಗೆ ಕೂತು ಒಬ್ಬೊಬ್ಬಳಿಂದಲೂ ಗಂಡನ ಹೆಸರು ಹೇಳಿಸುತ್ತಿದೆ — ತೊಗರಿಗಿ ತೂಕ, ಸೀರಿಗಿ ಸೆರಗ, ಸಿಟ್ಟು ಬಂದ್ರೂ ನಕ್ಕೊಂತ ಕರೀತಾರ ಒಳಗ, ಯಾರಂತ ಕೇಳ್ತೀರಿ? — ಮತ್ತೆ ಖಾಲಿ, ಈ ಸಲ ಮಾಣಿಕಪ್ಪ.

ಆ ಖಾಲಿಯಲ್ಲಿ ಒಂದು ಹೆಸರಿತ್ತು. ಅವರು ಬದುಕಿದ್ದಾಗಿನ ಕೊನೆಯ ಸಂಕ್ರಾಂತಿ, ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಓಣಿಯ ಹೆಂಗಸರೆಲ್ಲ ಸೇರಿದ್ದರು, ಮರಾಠಿಯವರು ಒಡಪಿನಂಥ ತಮ್ಮ ಉಖಾಣೆ ಹೇಳಿ ಮುಗಿಸಿದರು, ಅತ್ತಿ, ನೀವೂ ಹೇಳ್ರಿ ಎಂದು ಸಪನಾ ಮೊಬೈಲು ಎತ್ತಿ ಹಿಡಿದಳು, ಹಿಡಿಯಲಿ ಬಿಡು ಅಂದುಕೊಂಡು ಸೆರಗು ಸರಿಮಾಡಿಕೊಂಡು ನಿಂತ ನಿಲುವಿನಲ್ಲೇ ಕಟ್ಟಿ ಹೇಳಿದ್ದು, ಕೊನೆಗೆ ವಿಶ್ವನಾಥಪ್ಪ — ಮನಸ್ಸಿನಲ್ಲಿ ಅನ್ನುವಾಗಲೂ ನಾಲಿಗೆ ತಡವರಿಸುತ್ತದೆ, ಗಂಡನ ಹೆಸರನ್ನು ಬರಿದೇ ಹೇಳುವ ಪದ್ಧತಿ ಎಲ್ಲಿದೆ, ಒಡಪಿನಲ್ಲಿ ಸುತ್ತಿಕೊಟ್ಟರಷ್ಟೇ ಉಂಟು, ದವಾಖಾನೆಯಲ್ಲಿ ಪೇಶಂಟ್ ಹೆಸರೇನು ಎಂದು ಕೌಂಟರಿನವನು ಗದರಿಸಿದಾಗಲೂ ಬಾಯಿ ಬರದೆ ಹಿಂದೆ ನಿಂತ ಮಗನ ತೋಳು ತಿವಿದವಳು ಇವಳು. ಸಪನಾ ಅದಕ್ಕೆ ಹಲಗೆಯ ಸದ್ದು ಸೇರಿಸಿ, ಮೂಲೆಯಲ್ಲೊಂದು ತಕ್ಕಡಿ ಕುಣಿಸಿ ರೀಲು ಮಾಡಿ ಬಿಟ್ಟಳು, ಅವರು ಅಂಗಡಿಯಲ್ಲಿ ತೊಗರಿ ತಂದ ರೈತರಿಗೆಲ್ಲ ತೋರಿಸಿ, ಕೇಳ್ರಿ, ನಮ್ಮಾಕಿ ನನ್ನ ಹೆಸರ ಹ್ಯಾಂಗ ಹೇಳ್ಯಾಳ ಅಂತ ಮೀಸೆಯಲ್ಲೇ ನಗುತ್ತಿದ್ದರಂತೆ, ಮಳೆಗಾಲ ಬರುವಷ್ಟರಲ್ಲಿ ಹೋದರು. ದಿವಸದ ಊಟ ಮುಗಿದಿರಲಿಲ್ಲ, ಅವರ ಅಕ್ಕ ಸುಮಿತ್ರಾಬಾಯಿ ಮಾತು ತೆಗೆದರು, ಹೋದವನ ಹೆಸರ ಮಂದಿ ಮೊಬೈಲಿನ್ಯಾಗ ಒದರ್ಲತ್ತದ, ಇದು ಛಲೋ ಅಲ್ಲವ್ವಾ ಸಪನಾ, ತೆಗಿ. ಸಪನಾ ಪಾಪ, ಅತ್ತೆಯ ಪಕ್ಕದಲ್ಲೇ ಕೂತು, ಮೊಬೈಲಿನ ಗಾಜಿನ ಮೇಲೆ ಒಂದು ಪುಟ್ಟ ಕತ್ತರಿಯ ಗುರುತು, ಅದರ ಮೇಲೆ ಹೆಬ್ಬೆರಳು ಒತ್ತಿದಳು. ಸದ್ದಿಲ್ಲ. ದಾರ ಕತ್ತರಿಸಿದರೂ ಕಚ್ ಅನ್ನುತ್ತದೆ, ಇದು ಅಷ್ಟೂ ಅನ್ನಲಿಲ್ಲ. ದನಿ ಭಾಳ ಛಂದ ಅದ ಅತ್ತಿ, ದನಿ ಇರಲಿ, ಹೆಸರಷ್ಟ ತೆಗದೀನಿ, ಹಳೇದು ಡಿಲೀಟ್ ಮಾಡೀನಿ ಅಂದಳು, ಅಳುವುದರಲ್ಲಿದ್ದವಳಿಗೆ ಡಿಲೀಟ್ ಅಂದರೇನು ತಿಳಿಯಬೇಕು.

ಹೆಸರು ಹೋದ ಜಾಗ ಖಾಲಿ ಕಂಡಿದ್ದೇ ತಡ, ಮಂದಿ ನುಗ್ಗಿದರು. ಮೊದಲು ಔರಾದಿನ ಒಬ್ಬಳು ಆ ದನಿಗೆ ತುಟಿ ಆಡಿಸಿ ಕೊನೆಗೆ ತನ್ನ ಗಂಡನ ಹೆಸರು ಸೇರಿಸಿದಳು, ಆಮೇಲೆ ಉದಗೀರ, ಉಮರ್ಗಾ, ಕನ್ನಡದ ಗಂಧವಿಲ್ಲದ ಮರಾಠಿ ಹುಡುಗಿಯರೂ ತೊಗರಿಗಿ ತೂಕ ಎಂದು ಬಾಯಿ ತಿರುಗಿಸಿ, ಒಬ್ಬಳು ಟ್ರ್ಯಾಕ್ಟರಿನ ಮೇಲೆ ಕೂತು, ಒಬ್ಬಳು ರೊಟ್ಟಿ ಬಡಿಯುತ್ತ, ಒಬ್ಬಳಂತೂ ಗಂಡನನ್ನೇ ದೊಡ್ಡ ತಕ್ಕಡಿಯಲ್ಲಿ ಕೂರಿಸಿ — ನಗು ಬರುತ್ತದೆ, ಅದೇ ಸಿಟ್ಟು, ಕೆಟ್ಟದಾಗಿ ಮಾಡಿದ್ದರೆ ಬೈಯಬಹುದಿತ್ತು, ಇಷ್ಟು ಚೆಂದ ಮಾಡಿದವರಿಗೆ ಏನಂತ ಬೈಯುವುದು, ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ. ಅತ್ತಿ, ನೀವು ಫೇಮಸ್ ಆಗೀರಿ ಅನ್ನುತ್ತಾಳೆ ಸಪನಾ. ಫೇಮಸ್ಸಂತೆ! ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಕೂತ ಹುಡುಗಿಯ ಮೊಬೈಲಿನಲ್ಲಿ ಇವಳ ದನಿ, ಆ ಹುಡುಗಿ ಇವಳಿಗೇ, ಮಾವಶಿ, ಥೋಡಂ ಸರ್ಕಾ ಅಂದಳು, ಇವಳು ಸರಿದು ಕೂತಳು, ಮತ್ತೇನು ಮಾಡುತ್ತಾಳೆ. ಊರೂರಿನ ಗಂಡಂದಿರು ಅಲ್ಲಿ ಬಂದು ಕೂತರು, ಒಡಪು ಕಟ್ಟಿಸಿಕೊಂಡವರಿಗೆ ಮಾತ್ರ ಜಾಗವಿಲ್ಲ. ಹಳೆಯದು ಎಲ್ಲಾದರೂ ಉಳಿದಿದೆಯೇನೇ ಎಂದು ಸೊಸೆಯನ್ನು ಕೇಳಲು ಎಷ್ಟು ಸಲ ಬಾಯಿ ತೆರೆದಳೋ, ಈ ವಯಸ್ಸಿನಲ್ಲಿ ಇದೇನು ಚಪಲ ಅಂದುಕೊಂಡಾಳು ಅಂತ ನಾಚಿಕೆ, ಒಮ್ಮೆ ಮೊಬೈಲು ಹಿಡಿದು ತಾನೇ ಹುಡುಕಿದಳು, ಮೇಲಕ್ಕೆ ತಳ್ಳಿದಷ್ಟೂ ಬೇರೆ ಬಾಯಿ, ತನ್ನ ದನಿ, ಬೇರೆ ಬಾಯಿ, ತನ್ನ ದನಿ, ಕಣ್ಣು ಮುಚ್ಚಿದರೆ ಆ ಪುಟ್ಟ ಕತ್ತರಿ. ಸುಡು ಇದನ್ನೆಲ್ಲ — ಅಕ್ಕಾ, ಹೋಳಿಗಿ ಹೊತ್ಲತ್ತದ ನೋಡ್ರೀ! ಹೌದು, ಸೀದ ವಾಸನೆ, ಒಂದು ಕಡೆ ಪೂರಾ ಕಪ್ಪು.

ಈಗ ದಾನೇಶ್ವರಿಯ ಸರದಿಯಂತೆ, ಹಸಿರು ಬಳೆ, ಹಸಿರು ಸೀರೆ, ಮುದ್ದಾಗಿ ಕಾಣುತ್ತಾಳೆ ಕೂಸು, ಇವಳೂ ಒಲೆ ಆರಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು, ಹೊಸ್ತಿಲು ದಾಟಲಿಲ್ಲ, ಕುಬಸಕ್ಕೆಂದು ಬಂದ ಸುಮಿತ್ರಾಬಾಯಿ ಜಮಖಾನೆಯ ಪಕ್ಕದ ಕುರ್ಚಿಯಲ್ಲೇ ಇದ್ದಾರೆ. ಸಪನಾ ಮೊಬೈಲು ಎತ್ತಿ ಹಿಡಿದಳು. ತೊಗರಿಗಿ ತೂಕ, ಸೀರಿಗಿ ಸೆರಗ — ಆ ಸಂಕ್ರಾಂತಿಯ ದನಿ, ಗಂಡ ಅಂಗಡಿಯಿಂದ ಊಟಕ್ಕೆ ಬರುತ್ತಾನೆಂದು ತಿಳಿದಿದ್ದವಳ ದನಿ — ಯಾರಂತ ಕೇಳ್ತೀರಿ? ದಾನೇಶ್ವರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಖಾಲಿ, ಇನ್ನೂ ಖಾಲಿ, ಹೇಳೇ, ಹೇಳೇ ಅಂತ ಗೆಳತಿಯರು, ಯಾಕಿಷ್ಟು ಹೊತ್ತು ಬರಿದು ಬಿಟ್ಟಿದ್ದಾರೆ, ತನ್ನದಲ್ಲವೇ ಅದು, ಎದೆ ಉಕ್ಕಿ ಬಂತು, ಬಾಯಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ವಿಶ್ವನಾಥಪ್ಪ. ಅದೇ ಹೊತ್ತಿಗೆ ದಾನೇಶ್ವರಿ ತನ್ನ ಗಂಡನ ಹೆಸರು, ಬಾಳೂ ಎಂದು ಕೂಗಿಬಿಟ್ಟಳು, ಚಪ್ಪಾಳೆ, ಸಿಳ್ಳು, ಒಬ್ಬರೂ ಇತ್ತ ತಿರುಗಲಿಲ್ಲ. ಹೋಗಿ ಒಲೆಯ ಮುಂದೆ ಕೂತಳು.

ಸಪನಾ ಒಳಗೆ ಬಂದು ಪಕ್ಕದಲ್ಲೇ ಕುಕ್ಕರಿಸಿದಳು, ಕಿವಿಗೆ ಮೊಬೈಲು, ಅತ್ತಿ, ಭಾಳ ಮಸ್ತ್ ಬಂದದ, ಆದ್ರ ದಾನೇಶ್ವರಿ ಹೆಸರ ಹೇಳುಮುಂದ ಹಿಂದಿಂದ ಯಾರೋ ಏನೋ ಅಂದಾರ, ಅದೊಂದು ತೆಗೀತೀನಿ, ಈಗ ಹಿಂದಿನ ದನಿ ಬ್ಯಾರೆ ಮಾಡಿ ತೆಗೀಲಿಕ್ಕ ಬರ್ತದ. ಮತ್ತೊಮ್ಮೆ ಹಚ್ಚಿದಳು, ಬಾಳೂ ಅನ್ನುವುದರ ಅಡಿಯಲ್ಲಿ ಸಣ್ಣಗೆ, ಕೇಳಿದರೆ ಕೇಳೀತು ಅನ್ನುವಷ್ಟು, ಇದೆ, ಇದೆ, ಬಂದು ಕೂತಿದ್ದಾರೆ. ಗಾಜಿನ ಮೇಲೆ ಪುಟ್ಟ ಕತ್ತರಿ, ಹೆಬ್ಬೆರಳು ಇಳಿಯುತ್ತಿದೆ. ತೆಗೀಬ್ಯಾಡ. ಎಷ್ಟು ಗಟ್ಟಿಯಾಗಿ ಅಂದುಬಿಟ್ಟಳು, ಪಡಸಾಲೆಯ ನಗುವೂ ನಿಂತಿತು, ಅದು ನಾ ಅಂದದ್ದು. ಸಪನಾ ತಲೆಯೆತ್ತಿ, ನೀವಾ? ಏನಂದ್ರಿ ಅತ್ತಿ? ಸುಮಿತ್ರಾಬಾಯಿಯೂ ಬಾಗಿಲಿಗೆ ಬಂದು, ಏನಂದಿ ಶಕುಂತಲಾ? ಹೇಳಬೇಕು, ಒಂದೇ ಮಾತು, ಹೇಳಿದರೆ ಉಳಿಯುತ್ತದೆ, ಸುತ್ತಿಕೊಡಲು ಒಡಪಿಲ್ಲ, ತೊಗರಿಯಿಲ್ಲ, ಸೆರಗಿಲ್ಲ, ಬರಿದೇ ಹೇಳಬೇಕು, ನಾಲಿಗೆ ಅಂಗುಳಕ್ಕೆ ಅಂಟಿದೆ, ಸೊಸೆಯ ಹೆಬ್ಬೆರಳು, ಕೆಳಗೆ ಕತ್ತರಿ, ಎರಡರ ನಡುವೆ ಕೂದಲೆಳೆಯಷ್ಟು ಜಾಗ, ಹೆಬ್ಬೆರಳು, ಕತ್ತರಿ, ಹೆಬ್ಬೆರಳು—