ಬೂದಿ ಹಚ್ಚಿದ ಬೀಜ

ಮೊದಲ ಮಹಾಯುದ್ಧ ಮುಗಿದು ಮೂಕಣ್ಣ ಫ್ರಾನ್ಸಿನಿಂದ ಪಾಪಿನಾಯಕನಹಳ್ಳಿಗೆ ಮರಳಿದಾಗ ಅವನ ಚೀಲದಲ್ಲಿ ಒಂದು ತಂಬಾಕಿನ ಡಬ್ಬಿಯಿತ್ತು. ಡಬ್ಬಿಯಲ್ಲಿ ಒದ್ದೆ ಮರಳು, ಮರಳಿನೊಳಗೆ ಹೊಳೆಯುವ ಕಂದು ಬಣ್ಣದ ಚೆಸ್ಟ್‌ನಟ್ ಬೀಜಗಳು. ಅಲ್ಲಿ ಪಲ್ಟನ್ನಿನ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಿದ್ದ ಅವನಿಗೆ, ಚಳಿಗಾಲದಲ್ಲಿ ಒಬ್ಬ ಮುದುಕಿ ತನ್ನ ಮರದ ಬೀಜಗಳನ್ನು ಸುಟ್ಟು ತಿನ್ನಲು ಕೊಡುತ್ತಿದ್ದಳು. ಹೊರಡುವಾಗ ನೆಡಲೆಂದು ಹಸಿ ಬೀಜಗಳನ್ನು ಕೊಟ್ಟು, ಒಣಗಲು ಬಿಡಬೇಡವೆಂದು ಕೈಸನ್ನೆಯಲ್ಲಿ ತಿಳಿಸಿದ್ದಳು. ಹಡಗಿನಲ್ಲಿ ಅವನು ಕುಡಿಯುವ ನೀರನ್ನೇ ಉಳಿಸಿ ಡಬ್ಬಿಗೆ ಚಿಮುಕಿಸುತ್ತ ಬಂದಿದ್ದ. ಆ ಮುದುಕಿಯ ಮರವನ್ನು ಅವ್ವನಿಗೆ ತೋರಿಸಬೇಕೆಂಬುದೊಂದೇ ಅವನ ಆಸೆ.

ಒಬ್ಬ ಮುದುಕಿ ಕೊಟ್ಟದ್ದೆಂದು ಮಗ ಹೇಳಿದ್ದರೂ ಅವ್ವ ಭರಮಮ್ಮನಿಗೆ ಎಲ್ಲ ಬೀಜವೂ ಒಂದೇ. ಮಗ ನೆಂಟರನ್ನು ಕಾಣಲು ಕಂಪ್ಲಿಗೆ ಹೋಗಿ ಕೆಲವು ದಿನ ಉಳಿದಾಗ, ಒದ್ದೆಯಲ್ಲಿ ಬೂಷ್ಟು ಹಿಡಿದೀತೆಂದು ಹೆದರಿ, ಅವರೆ ಬೀಜಕ್ಕೆ ಮಾಡುವಂತೆ ಬೂದಿ ಹಚ್ಚಿ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು.

“ಒಂದೂ ಕೆಡಗೊಟ್ಟಿಲ್ಲ ನೋಡಪ್ಪ,” ಎಂದು, ಅವನು ಬಂದೊಡನೆ ಅಂಗೈಗೆ ಹಾಕಿದಳು. ಒಣಗಿ ಸುಕ್ಕಿದ ತಿರುಳು ಸಿಪ್ಪೆಯೊಳಗೆ ಗಲಗಲ ಎಂದಿತು; ಇವಿನ್ನು ಮೊಳೆಯವೆಂದು ಅವನಿಗೆ ತಿಳಿಯಿತು.

“ಭಾಳ ಚಲೋ ಆತು, ಯವ್ವ,” ಎಂದ ಮೂಕಣ್ಣ.

ಇಬ್ಬರೂ ಹಿತ್ತಲಲ್ಲಿ ನೆಟ್ಟರು. ಮಳೆಗಾಲ ಬಂದರೂ ಏನೂ ಮೊಳೆಯಲಿಲ್ಲ. ಭರಮಮ್ಮ ಬೆಳಗ್ಗೆ ಎದ್ದವಳೇ ಮಣ್ಣು ನೋಡಿ, ಮುಖ ಬಾಡಿಸಿಕೊಂಡು ಒಳಗೆ ಬರುವಳು. ಆ ಮುಖ ನೋಡಲಾರದೆ ಮೂಕಣ್ಣ ಸಂಡೂರು ಗುಡ್ಡದಿಂದ ಒಂದು ಸಸಿ ಕಿತ್ತು ತಂದು, ಅವಳು ನೀರಿಗೆ ಹೋದಾಗ ಅದೇ ಪಾತಿಯಲ್ಲಿ ಊರಿದ.

“ಬಂತಲ್ಲ,” ಎಂದಳು ಭರಮಮ್ಮ. ಕುಳಿತು ಎಲೆ ಸವರಿದಳು. ಅಂದಿನಿಂದ ಮೂಕಣ್ಣ ದಿನವೂ ಅದಕ್ಕೆ ಕೊಡಗಟ್ಟಲೆ ನೀರು ಸುರಿದ.

ಒಂದು ಸಂಜೆ ಅವಳೇ ತಡೆದಳು. “ಲೇ, ಸಾಕು ಬಿಡು. ಹಿಪ್ಪೆ ಗಿಡಕ್ಕ ಇಷ್ಟು ನೀರು ಬ್ಯಾಡ.”

ಕೊಡ ಅವನ ಕೈಯಲ್ಲೇ ನಿಂತಿತು. “ಯಾವಾಗ ಗೊತ್ತಾತು?”

“ಆ ಗುಡ್ಡದಾಗ ಕಟಿಗಿ ಆರಿಸಿಕೋತ ಬೆಳದಾಕಿ ನಾನು. ಸುಳ್ಳು ಹೇಳಾದು ಕಲಿಯಾಕ ಅಷ್ಟು ದೂರ ಹೋಗಿದ್ದೇನು?” ಆಮೇಲೆ ದನಿ ತಗ್ಗಿಸಿ ಕೇಳಿದಳು: “ಬೂದಿ ಹಚ್ಚಿ ಒಣಗಿಸಿ ನಾನ ಸಾಯಿಸಿದ್ನೇನು?”

“ನಾನು ಹೇಳಿ ಹೋಗಬೇಕಿತ್ತು, ಯವ್ವ.”

“ಆ ಬೀಜದ ರುಚಿ ಹೆಂಗಿತ್ತು?”

“ಸುಟ್ಟ ಗೆಣಸಿನಂಗ.”

“ಆ ಮುದುಕಿ ಸುಲಿದು ಕೊಡ್ತಿದ್ಲೇನು?”

“ಹ್ಞೂಂ. ನನ್ನ ಕೈ ಸುಡತಾವ ಅಂತ.”

ಭರಮಮ್ಮ ಒಳಗೆ ಹೋಗಿ ಒಲೆಯ ಬಿಸಿಬೂದಿಯಲ್ಲಿ ಗೆಣಸು ಹುಗಿದಳು. ಬೆಂದ ಮೇಲೆ ಊದಿ ಊದಿ ಸಿಪ್ಪೆ ಸುಲಿದು ಮಗನ ಕೈಗಿಟ್ಟಳು.

“ಕುಂದ್ರು,” ಎಂದಳು. “ಆಕಿ ಹೆಂಗಿದ್ಲು, ಹೇಳು.”